ಸಾಂತ್ವನಕ್ಕೊಂದು ಕೊಠಡಿ ಸಾಕೇ? ವಿದ್ಯಾರ್ಥಿಯ ಹೊಣೆ ಹೊರುವವರು ಯಾರು?

ಈ ದೇಶದಲ್ಲಿ ಕೃಷಿಕರ ಆತ್ಮಹತ್ಯೆಯ ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಸಾಲ ಮನ್ನಾದ ಘೋಷಣೆಗಳಾಗಿವೆ. ಆ ಹೆಸರಿನಲ್ಲಿ ಪಕ್ಷಗಳು ಚುನಾವಣೆ ಗೆದ್ದಿವೆ, ಸೋತಿವೆ. ನಿಜವಾಗಿ, ಆ ಚರ್ಚೆ ಇನ್ನಷ್ಟು ನಡೆಯಬೇಕಾಗಿದೆ. ಆದರೆ ಅದರ ಪಕ್ಕದಲ್ಲೇ ಇರುವ ಇನ್ನೊಂದು ಅಂಕಿಅಂಶದ ಮೇಲೆ ನಮ್ಮ ಕಣ್ಣು ಬೀಳುವುದೇ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ಕೃಷಿ ಕ್ಷೇತ್ರವನ್ನು ನಂಬಿ ಬದುಕುವ 11,290 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅದೇ ವರ್ಷ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳ ಸಂಖ್ಯೆ 13,044. 2023ರಲ್ಲಿ ಇದು 13,892ಕ್ಕೆ ಏರಿತು. ಅಂದರೆ ದಿನವೊಂದಕ್ಕೆ ಸರಾಸರಿ 38 ಮಂದಿ. ಒಂದು ತರಗತಿಯಲ್ಲಿ ಕುಳಿತುಕೊಳ್ಳಬಹುದಾದಷ್ಟು ಮಕ್ಕಳನ್ನು ಪ್ರತಿದಿನ ಕಳಕೊಳ್ಳುತ್ತಿರುವ ದೇಶವೊಂದು, ಅದೇ ಹೊತ್ತಿಗೆ ತನ್ನ ಯುವಶಕ್ತಿಯ ಬಗ್ಗೆ ಹೆಮ್ಮೆಯಿಂದ ಭಾಷಣ ಮಾಡುತ್ತಿದೆ ಎಂದಾದರೆ ಅದನ್ನು ಏನೆಂದು ಕರೆಯಬೇಕು?

ಸಾವು ಸಂಭವಿಸಿದ ಬಳಿಕ ನಮ್ಮ ವಿದ್ಯಾಸಂಸ್ಥೆಗಳು ಏನು ಮಾಡುತ್ತವೆ ಎಂಬುದು ಎಲ್ಲರಿಗೂ ತಿಳಿದಿದೆ. ಒಂದು ಸಂತಾಪ ಸೂಚಕ ಸಭೆ, ಒಂದು ದಿನದ ರಜೆ, ಒಂದು ತನಿಖಾ ಸಮಿತಿ, ‘ವೈಯಕ್ತಿಕ ಕಾರಣಗಳು’ ಎಂಬ ಎರಡು ಪದಗಳ ಹೇಳಿಕೆ. ಅದೂ ಸಾಲದಾದಾಗ ಫ್ಯಾನುಗಳ ಕಡೆಗೆ ಗಮನ ಹರಿಯುತ್ತದೆ. 2021ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಹಾಸ್ಟೆಲುಗಳ ಸೀಲಿಂಗ್ ಫ್ಯಾನುಗಳನ್ನು ತೆಗೆಸಲು ಮುಂದಾಯಿತು. 2023ರಲ್ಲಿ ರಾಜಸ್ಥಾನದ ಕೋಟಾದಲ್ಲಿ ಜಿಲ್ಲಾಡಳಿತವೇ ಸ್ಪ್ರಿಂಗ್ ಅಳವಡಿಸಿದ ಫ್ಯಾನುಗಳನ್ನು ಹಾಕುವಂತೆ ಹಾಸ್ಟೆಲುಗಳಿಗೆ ಆದೇಶಿಸಿತು. ಇದನ್ನು ಗೇಲಿ ಮಾಡಬೇಕಾಗಿಲ್ಲ. ಆ ಒಂದು ದುರ್ಬಲ ಘಳಿಗೆಯನ್ನು ದಾಟಿಸಲು ಸಾಧ್ಯವಾದರೆ ಎಷ್ಟೋ ಜೀವಗಳು ಉಳಿಯುತ್ತವೆ ಎಂಬುದನ್ನು ತಜ್ಞರೂ ಒಪ್ಪುತ್ತಾರೆ. ಆದರೆ ಆ ಘಳಿಗೆಗೆ ವಿದ್ಯಾರ್ಥಿಯನ್ನು ತಂದು ನಿಲ್ಲಿಸಿದ ಆರು ತಿಂಗಳುಗಳ ಬಗ್ಗೆ ಯಾರು ಉತ್ತರಿಸಬೇಕು? ಆ ಆರು ತಿಂಗಳಲ್ಲಿ ಅವನನ್ನು ನೋಡಿದವರೆಷ್ಟು, ಕೇಳಿದವರೆಷ್ಟು, ಅವನ ಅರ್ಜಿಯನ್ನು ಮೇಜಿನ ಕೆಳಗಿಟ್ಟವರೆಷ್ಟು?

ಸಮಾಲೋಚಕರನ್ನು ನೇಮಿಸಿದರೆ ಸಮಸ್ಯೆ ಪರಿಹಾರವಾಗುತ್ತದೆ ಎಂಬುದು ಈಗಿನ ಜನಪ್ರಿಯ ನಂಬಿಕೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟು ವಿಶಾಖಪಟ್ಟಣದ ನೀಟ್ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ತೀರ್ಪು ನೀಡುತ್ತಾ ದೇಶದ ಎಲ್ಲ ವಿದ್ಯಾಸಂಸ್ಥೆಗಳಿಗೆ 15 ಮಾರ್ಗಸೂಚಿಗಳನ್ನು ಹೊರಡಿಸಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಸಮಾಲೋಚಕರನ್ನು ನೇಮಿಸಬೇಕೆಂಬುದು ಅವುಗಳಲ್ಲೊಂದು. ಮಾನಸಿಕ ಆರೋಗ್ಯವು ಸಂವಿಧಾನದ 21ನೇ ವಿಧಿಯು ಕೊಡಮಾಡಿದ ಬದುಕುವ ಹಕ್ಕಿನ ಭಾಗವೆಂದೂ ನ್ಯಾಯಾಲಯ ಸ್ಪಷ್ಟಪಡಿಸಿತು. ಸ್ವಾಗತಾರ್ಹ ತೀರ್ಪು. ಆದರೆ ವಿಪರ್ಯಾಸವೆಂದರೆ, ನಮ್ಮ ಸಂಸ್ಥೆಗಳು ಇಂತಹ ಆದೇಶಗಳಿಂದ ತಮಗೆ ಬೇಕಾದ ಒಂದು ಸಾಲನ್ನು ಮಾತ್ರ ಆರಿಸಿಕೊಳ್ಳುತ್ತವೆ. ಬಾಗಿಲಿಗೆ ‘ಸಮಾಲೋಚನಾ ಕೇಂದ್ರ’ ಎಂಬ ಫಲಕ ಬೀಳುತ್ತದೆ. ವಾರಕ್ಕೆರಡು ಬಾರಿ ಯಾರೋ ಬಂದು ಹೋಗುತ್ತಾರೆ. ತಪಾಸಣಾ ತಂಡ ಬಂದಾಗ ಕೊಠಡಿಯ ಬೀಗ ತೆರೆಯುತ್ತದೆ. ವಿದ್ಯಾರ್ಥಿಯ ಬದುಕಿನಲ್ಲಿ ಮಾತ್ರ ಏನೂ ಬದಲಾಗುವುದಿಲ್ಲ.

ಹತ್ತು ಕಿಟಕಿಗಳು, ಒಬ್ಬ ವಿದ್ಯಾರ್ಥಿ

ಹೀಗೇಕಾಗುತ್ತದೆ? ಒಂದು ಉದಾಹರಣೆಯನ್ನು ಊಹಿಸಿಕೊಳ್ಳಿ. ಬೀದರ್ ಜಿಲ್ಲೆಯ ಹಳ್ಳಿಯೊಂದರಿಂದ ಒಬ್ಬ ಹುಡುಗ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿಗೆ ಬರುತ್ತಾನೆ. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಇಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯಗಳು ಬಾಕಿಯಾಗುತ್ತವೆ. ವಿದ್ಯಾರ್ಥಿವೇತನದ ಹಣ ಖಾತೆಗೆ ಬಂದಿಲ್ಲ, ಹಾಗಾಗಿ ಮೆಸ್ಸಿನ ಬಾಕಿ ಬೆಳೆದಿದೆ. ಮೆಸ್ಸಿಗೆ ಹೋಗಲು ನಾಚಿಕೆಯಾಗಿ ಒಂದು ಹೊತ್ತಿನ ಊಟ ಬಿಡುತ್ತಾನೆ. ರಾತ್ರಿ ನಿದ್ದೆ ಬರುವುದಿಲ್ಲ, ಬೆಳಗ್ಗೆ ಏಳಲಾಗುವುದಿಲ್ಲ. ಹಾಜರಾತಿ ಶೇ. 75ಕ್ಕಿಂತ ಕೆಳಗಿಳಿಯುತ್ತದೆ. ಪರೀಕ್ಷೆಗೆ ಕೂರಲು ಬಿಡುವುದಿಲ್ಲ ಎಂಬ ಸೂಚನೆ ಫಲಕದಲ್ಲಿ ಬೀಳುತ್ತದೆ. ಊರಿಗೆ ಫೋನು ಮಾಡಿದರೆ ‘ಅಪ್ಪನ ಆರೋಗ್ಯ ಸರಿಯಿಲ್ಲ, ನೀನು ಚೆನ್ನಾಗಿ ಓದು’ ಎಂಬ ಉತ್ತರ.

ಈ ಹುಡುಗನ ಕಷ್ಟ ಕಾಲೇಜಿನಲ್ಲಿ ಯಾರಿಗೂ ಗೊತ್ತಿಲ್ಲವೆಂದಲ್ಲ. ಅದರ ಒಂದೊಂದು ತುಂಡು ಒಬ್ಬೊಬ್ಬರಿಗೆ ಗೊತ್ತಿದೆ. ಅಂಕ ಕಡಿಮೆಯಾಗಿದೆಯೆಂದು ಉಪನ್ಯಾಸಕರಿಗೆ ಗೊತ್ತು. ಬಾಕಿ ಹಣ ಎಷ್ಟೆಂದು ಲೆಕ್ಕಪತ್ರ ವಿಭಾಗಕ್ಕೆ ಗೊತ್ತು. ರಾತ್ರಿಯಿಡೀ ಅವನ ಕೋಣೆಯ ದೀಪ ಉರಿಯುತ್ತದೆಂದು ವಾರ್ಡನ್‌ಗೆ ಗೊತ್ತು. ಅರ್ಜಿ ಯಾವ ಹಂತದಲ್ಲಿ ನಿಂತಿದೆಯೆಂದು ವಿದ್ಯಾರ್ಥಿವೇತನದ ಗುಮಾಸ್ತರಿಗೆ ಗೊತ್ತು. ಆದರೆ ಈ ಎಲ್ಲ ತುಂಡುಗಳನ್ನು ಒಂದೆಡೆ ಸೇರಿಸಿ, ‘ಈ ಹುಡುಗ ಅಪಾಯದಲ್ಲಿದ್ದಾನೆ’ ಎಂದು ಓದಬಲ್ಲ ಒಬ್ಬನೇ ಒಬ್ಬ ವ್ಯಕ್ತಿ ಆ ಸಂಸ್ಥೆಯಲ್ಲಿಲ್ಲ. ಪ್ರತಿ ಕಿಟಕಿಯಲ್ಲೂ ಅವನಿಗೆ ಸಿಗುವ ಉತ್ತರ ಒಂದೇ: ‘ಅದು ನಮ್ಮ ವಿಭಾಗಕ್ಕೆ ಬರುವುದಿಲ್ಲ.’ ಅವನು ಸಮಾಲೋಚಕರ ಬಳಿಗೆ ಹೋದನೆಂದೇ ಇಟ್ಟುಕೊಳ್ಳಿ. ಅವರು ಒಂದು ಗಂಟೆ ಸಹನೆಯಿಂದ ಆಲಿಸುತ್ತಾರೆ, ಧೈರ್ಯ ತುಂಬುತ್ತಾರೆ. ಆದರೆ ಹಾಜರಾತಿಯ ವಿನಾಯಿತಿ ಕೊಡಿಸುವ ಅಧಿಕಾರ ಅವರಿಗಿದೆಯೇ? ಮೆಸ್ಸಿನ ಬಾಕಿಗೆ ಗಡುವು ವಿಸ್ತರಿಸಲು ಅವರಿಂದ ಸಾಧ್ಯವೇ? ಮುಂದಿನ ವಾರ ಅವನು ಬಾರದಿದ್ದರೆ ಯಾಕೆ ಬರಲಿಲ್ಲವೆಂದು ವಿಚಾರಿಸುವವರು ಯಾರು? ಹೊರಗೆ ಕಾದಿರುವುದು ಅದೇ ಹತ್ತು ಕಿಟಕಿಗಳು ಎಂದಾದರೆ ಒಳಗಿನ ಒಂದು ಗಂಟೆಯ ಸಾಂತ್ವನ ಎಷ್ಟು ದಿನ ಬಾಳೀತು?

ಗೊತ್ತಿದ್ದೂ ಗೊತ್ತಿಲ್ಲದಂತೆ

ಇದು ಕಲ್ಪನೆಯ ಮಾತಲ್ಲ. 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾನಿಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಸಾವಿಗೆ ಶರಣಾದಾಗ ಅವರ ಫೆಲೋಶಿಪ್ ಹಣ ತಿಂಗಳುಗಳಿಂದ ಬಂದಿರಲಿಲ್ಲ. ಇತರ ನಾಲ್ವರೊಂದಿಗೆ ಅವರನ್ನು ಹಾಸ್ಟೆಲಿನಿಂದ ಹೊರಹಾಕಲಾಗಿತ್ತು. ಅದಕ್ಕೆ ಒಂದು ತಿಂಗಳ ಮೊದಲೇ, 2015ರ ಡಿಸೆಂಬರ್‌ನಲ್ಲಿ, ಅವರು ಕುಲಪತಿಗೆ ಕಹಿ ತುಂಬಿದ ಪತ್ರವೊಂದನ್ನು ಬರೆದಿದ್ದರು. ಆ ಪತ್ರವನ್ನು ಓದಿದ ಯಾರಿಗೂ ಅದನ್ನು ಬರೆದ ಯುವಕ ಯಾವ ಅಂಚಿನಲ್ಲಿ ನಿಂತಿದ್ದಾನೆಂಬುದು ಅರ್ಥವಾಗದೇ ಇರಲು ಸಾಧ್ಯವಿರಲಿಲ್ಲ. ಆದರೆ ನಮ್ಮ ಕಚೇರಿಗಳಲ್ಲಿ ಪತ್ರಕ್ಕೆ ಸ್ವೀಕೃತಿಯ ಮೊಹರು ಬೀಳುತ್ತದೆಯೇ ಹೊರತು ಪತ್ರ ಬರೆದವನ ಕೋಣೆಯ ಬಾಗಿಲನ್ನು ಯಾರೂ ತಟ್ಟುವುದಿಲ್ಲ.

2019ರ ಮೇ 22ರಂದು ಮುಂಬೈಯ ನಾಯರ್ ಆಸ್ಪತ್ರೆಯಲ್ಲಿ ಸ್ನಾತಕೋತ್ತರ ವೈದ್ಯಕೀಯ ವಿದ್ಯಾರ್ಥಿನಿ ಡಾ. ಪಾಯಲ್ ತಡ್ವಿ ಸಾವಿಗೀಡಾದರು. ಮುಸ್ಲಿಮರಾದ ತಡ್ವಿ ಭಿಲ್ ಬುಡಕಟ್ಟಿನಿಂದ ಆ ಹಂತಕ್ಕೇರಿದ ಹೆಣ್ಣುಮಗಳು. ಹಿರಿಯ ಸಹಪಾಠಿಗಳ ಕಿರುಕುಳದ ಬಗ್ಗೆ ಮೊದಲೇ ದೂರು ಹೇಳಿಕೊಂಡಿದ್ದೆವು ಎಂಬುದು ಕುಟುಂಬದವರ ಮಾತು. ರೋಹಿತ್ ಮತ್ತು ಪಾಯಲ್‌ರ ತಾಯಂದಿರು ಅದೇ ವರ್ಷ ಜೊತೆಯಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ಮೊಕದ್ದಮೆಯ ಫಲವಾಗಿ ಯುಜಿಸಿ ಹೊರತಂದ ಸಮಾನತೆಯ ಹೊಸ ನಿಯಮಾವಳಿ 2026ರ ಜನವರಿಯಲ್ಲಿ ಪ್ರಕಟವಾಯಿತು. ಅದೇ ತಿಂಗಳು ಸುಪ್ರೀಂ ಕೋರ್ಟಿನಿಂದ ಅದಕ್ಕೆ ತಡೆಯೂ ಬಿತ್ತು. ಮಕ್ಕಳನ್ನು ಕಳಕೊಂಡ ತಾಯಂದಿರಿಗೆ ಹತ್ತು ವರ್ಷಗಳ ಬಳಿಕವೂ ಈ ದೇಶ ಕೊಟ್ಟಿರುವುದು ಕಾಯುವ ಸರದಿಯನ್ನು ಮಾತ್ರ.

ಒಂದು ಸಾವಿಗೆ ಒಂದೇ ಕಾರಣವಿರುವುದಿಲ್ಲ ಎಂಬುದು ನಿಜ. ಖಿನ್ನತೆ, ಬಡತನ, ಅವಮಾನ, ಜಾತಿ-ಧರ್ಮದ ತಾರತಮ್ಯ, ಮನೆಯ ನಿರೀಕ್ಷೆ ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಆದರೆ ಕಾರಣಗಳು ಹೆಣೆದುಕೊಂಡಿವೆ ಎಂಬುದರಿಂದಲೇ ಪರಿಹಾರವೂ ಹೆಣೆದುಕೊಂಡಿರಬೇಕಲ್ಲವೇ? ಎಲ್ಲವನ್ನೂ ಮನಸ್ಸಿನ ಕಾಯಿಲೆ ಎಂದು ಕರೆದು ಸಮಾಲೋಚಕರ ಕಡೆಗೆ ಕಳುಹಿಸಿಬಿಡುವುದು ಆಡಳಿತದ ಪಾಲಿಗೆ ಅತ್ಯಂತ ಸುಲಭದ ದಾರಿ. ಏಕೆಂದರೆ ಆಗ ತಪ್ಪು ವಿದ್ಯಾರ್ಥಿಯ ಮನಸ್ಸಿನದ್ದಾಗುತ್ತದೆ, ವ್ಯವಸ್ಥೆಯದ್ದಾಗಿ ಉಳಿಯುವುದಿಲ್ಲ.

ಒಬ್ಬ ಹೊಣೆಗಾರ ಬೇಕು

ಹೊರದೇಶಗಳ ಅನುಭವ ಇಲ್ಲಿ ನಮಗೆ ಪಾಠವಾಗಬಲ್ಲುದು. 2007ರ ಏಪ್ರಿಲ್‌ನಲ್ಲಿ ಅಮೇರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾನಿಲಯದಲ್ಲಿ ಓರ್ವ ವಿದ್ಯಾರ್ಥಿ 32 ಮಂದಿಯನ್ನು ಗುಂಡಿಕ್ಕಿ ಕೊಂದು ತಾನೂ ಸತ್ತ. ಬಳಿಕ ನಡೆದ ಪರಿಶೀಲನೆಯಲ್ಲಿ ಹೊರಬಿದ್ದ ಸತ್ಯವೇನೆಂದರೆ, ಆತನ ಸ್ಥಿತಿಯ ಬಗ್ಗೆ ಅಧ್ಯಾಪಕರಿಗೂ, ಹಾಸ್ಟೆಲಿನವರಿಗೂ, ಪೊಲೀಸರಿಗೂ ಬಿಡಿಬಿಡಿಯಾಗಿ ಗೊತ್ತಿತ್ತು. ಚಿಕಿತ್ಸೆ ಪಡೆಯಬೇಕೆಂದು 2005ರಲ್ಲಿಯೇ ನ್ಯಾಯಾಧಿಕಾರಿಯ ಆದೇಶವಾಗಿತ್ತು. ಆದರೆ ಆತ ಚಿಕಿತ್ಸೆ ಪಡೆದನೇ ಎಂದು ಹಿಂಬಾಲಿಸಿ ನೋಡುವ ಹೊಣೆ ಯಾರದ್ದೂ ಆಗಿರಲಿಲ್ಲ. ಆ ಬಳಿಕ ಅಲ್ಲಿನ ವಿಶ್ವವಿದ್ಯಾನಿಲಯಗಳಲ್ಲಿ ‘ಕೇಸ್ ಮ್ಯಾನೇಜರ್’ ಎಂಬ ಹುದ್ದೆ ವ್ಯಾಪಕವಾಯಿತು. ಆತ ವೈದ್ಯನಲ್ಲ, ಶಿಸ್ತಿನ ಅಧಿಕಾರಿಯೂ ಅಲ್ಲ. ಸಂಕಷ್ಟದಲ್ಲಿರುವ ವಿದ್ಯಾರ್ಥಿಯ ಪರವಾಗಿ ಎಲ್ಲ ವಿಭಾಗಗಳ ಬಾಗಿಲು ತಟ್ಟುವ, ಯಾವ ನೆರವು ಎಲ್ಲಿ ಸಿಗುತ್ತದೆಂದು ಹೊಂದಿಸಿ ಕೊಡುವ, ಆಸ್ಪತ್ರೆಯಿಂದ ಮರಳಿದವನನ್ನು ತರಗತಿಗೆ ಸೇರಿಸುವವರೆಗೆ ಜೊತೆ ನಡೆಯುವ ಹೊಣೆಗಾರ. ಅಲ್ಲಿ ಈ ಹುದ್ದೆ ಬೆಳೆದುದರ ಹಿಂದೆ ಭಯವೂ ಇತ್ತು. ನಮಗೆ ಬೇಕಾದುದು ಆ ಭಯವಲ್ಲ, ಆ ಪಾಠ.

ಬ್ರಿಟನ್ನಿನ ಇನ್ನೊಂದು ಪ್ರಕರಣ ಇದಕ್ಕಿಂತಲೂ ಸ್ಪಷ್ಟ. ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿದ್ಯಾರ್ಥಿನಿ, 20ರ ಹರೆಯದ ನತಾಶಾ ಅಬ್ರಹಾರ್ಟ್ 2018ರ ಏಪ್ರಿಲ್ 30ರಂದು ಆತ್ಮಹತ್ಯೆ ಮಾಡಿಕೊಂಡಳು. ಜನರೆದುರು ಮಾತಾಡಲು ತೀವ್ರವಾದ ಅಂಜಿಕೆ ಅವಳಿಗಿತ್ತು. ಅಂದು ಅವಳು ದೊಡ್ಡ ಸಭಾಂಗಣದಲ್ಲಿ ನಡೆಯುವ ಪ್ರಾತ್ಯಕ್ಷಿಕೆಯೊಂದರಲ್ಲಿ ಭಾಗವಹಿಸಬೇಕಿತ್ತು. ಅವಳ ಪರೀಕ್ಷಾ ವಿಧಾನವನ್ನು ಬದಲಿಸದೆ ವಿಶ್ವವಿದ್ಯಾನಿಲಯವು ಸಮಾನತಾ ಕಾಯ್ದೆಯನ್ನು ಉಲ್ಲಂಘಿಸಿದೆಯೆಂದು 2022ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. 2024ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಆ ಹುಡುಗಿಗೆ ಬೇಕಾಗಿದ್ದುದು ಕೇವಲ ಮಾತ್ರೆಯೂ ಅಲ್ಲ, ಉಪದೇಶವೂ ಅಲ್ಲ. ಮೌಖಿಕ ಪರೀಕ್ಷೆಯ ಬದಲು ಬೇರೊಂದು ವಿಧಾನ. ಅಷ್ಟನ್ನು ಮಾಡಿಕೊಡಲು ಒಂದು ದೊಡ್ಡ ವಿಶ್ವವಿದ್ಯಾನಿಲಯಕ್ಕೆ ಸಾಧ್ಯವಾಗಲಿಲ್ಲ. ನಮ್ಮಲ್ಲಿಯೂ ಕಾನೂನಿನ ಕೊರತೆಯಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಮಾನಸಿಕ ಅಸ್ವಸ್ಥತೆಯನ್ನೂ ತನ್ನ ವ್ಯಾಪ್ತಿಗೆ ತಂದಿದೆ ಮತ್ತು ವಿದ್ಯಾಸಂಸ್ಥೆಗಳು ಸೂಕ್ತ ಹೊಂದಾಣಿಕೆ ಮಾಡಿಕೊಡಬೇಕೆಂದು ಹೇಳಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ನು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಪರಿಗಣಿಸಿ ಆರೈಕೆ ನೀಡಬೇಕೆಂದು ಹೇಳುತ್ತದೆ. ಆದರೆ ಇವುಗಳನ್ನು ವಿದ್ಯಾರ್ಥಿಯ ಪರವಾಗಿ ಕೇಳುವವರು ಕ್ಯಾಂಪಸ್ಸಿನಲ್ಲಿ ಯಾರಿದ್ದಾರೆ?

ಕಾಗದದ ಮಾರ್ಗದರ್ಶಕರು

‘ನಮ್ಮಲ್ಲಿ ಮೆಂಟರ್ ವ್ಯವಸ್ಥೆ ಇದೆಯಲ್ಲ’ ಎಂದು ಪ್ರಾಂಶುಪಾಲರುಗಳು ಹೇಳಬಹುದು. ಇದೆ, ಕಾಗದದಲ್ಲಿದೆ. 2015ರಲ್ಲಿಯೇ ಯುಜಿಸಿ ತನ್ನ ಮಾರ್ಗಸೂಚಿಯಲ್ಲಿ, ತರಬೇತಾದ ಅಧ್ಯಾಪಕರೊಬ್ಬರು ತಲಾ 25 ವಿದ್ಯಾರ್ಥಿಗಳ ಪೋಷಕರಂತೆ ವರ್ಷವಿಡೀ ಸಂಪರ್ಕದಲ್ಲಿರಬೇಕೆಂದು ಹೇಳಿತ್ತು. ನ್ಯಾಕ್ ಮಾನ್ಯತೆಗೂ ಮೆಂಟರ್-ವಿದ್ಯಾರ್ಥಿ ಅನುಪಾತದ ಲೆಕ್ಕ ಕೊಡಬೇಕು. ಹಾಗಾಗಿ ಕಾಲೇಜು ಕಾಲೇಜುಗಳಲ್ಲಿ ಮೆಂಟರ್ ಪುಸ್ತಕಗಳಿವೆ. ನ್ಯಾಕ್ ತಂಡ ಬರುವ ಹಿಂದಿನ ವಾರ ಆ ಪುಸ್ತಕಗಳಲ್ಲಿ ವರ್ಷದ ಸಹಿಗಳೆಲ್ಲ ಒಂದೇ ಶಾಯಿಯಲ್ಲಿ ಬೀಳುತ್ತವೆ ಎಂಬುದು ಉಪನ್ಯಾಸಕರ ಕೊಠಡಿಗಳಲ್ಲಿ ಗುಟ್ಟೇನೂ ಅಲ್ಲ.

ಇದಕ್ಕೆ ಅಧ್ಯಾಪಕರನ್ನು ಮಾತ್ರ ದೂಷಿಸುವುದು ಅನ್ಯಾಯವಾದೀತು. ನಮ್ಮ ಸರಕಾರಿ ಪದವಿ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆಯುತ್ತಿವೆ. ಮುಂದಿನ ವರ್ಷ ತಾನು ಇಲ್ಲಿರುತ್ತೇನೋ ಇಲ್ಲವೋ ಎಂದು ಗೊತ್ತಿಲ್ಲದವನು, ಮೂರು ವರ್ಷ ಒಬ್ಬ ವಿದ್ಯಾರ್ಥಿಯ ಬೆನ್ನಿಗೆ ನಿಲ್ಲುವುದು ಹೇಗೆ? ಇನ್ನೊಂದು ತೊಡಕೂ ಇದೆ. ಆಂತರಿಕ ಅಂಕ ಹಾಕುವವರೂ ಹಾಜರಾತಿ ಬರೆಯುವವರೂ ಅಧ್ಯಾಪಕರೇ. ತನ್ನ ಅಂಕ ಯಾರ ಕೈಯಲ್ಲಿದೆಯೋ ಅವರ ಮುಂದೆ ವಿದ್ಯಾರ್ಥಿ ತನ್ನ ಒಡಲ ಸಂಕಟವನ್ನು ತೋಡಿಕೊಂಡಾನೇ? ಆದ್ದರಿಂದ ಈ ಹೊಣೆಯನ್ನು ಹೊರುವವರು ಪ್ರತ್ಯೇಕವಾಗಿರಬೇಕು, ಖಾಯಂ ಆಗಿರಬೇಕು, ಅಂಕ ಮತ್ತು ಶಿಸ್ತಿನ ಅಧಿಕಾರದಿಂದ ದೂರವಿರಬೇಕು. ಅದೇ ಹೊತ್ತಿಗೆ ಕುಲಸಚಿವರ ಬಾಗಿಲನ್ನು ಅಧಿಕಾರಯುತವಾಗಿ ತಟ್ಟಬಲ್ಲವರಾಗಿರಬೇಕು.

ಆಕ್ಷೇಪಗಳೂ ಉತ್ತರಗಳೂ

‘ಹಣ ಎಲ್ಲಿಂದ?’ ಎಂಬುದು ಮೊದಲ ಆಕ್ಷೇಪ. ಘಟಿಕೋತ್ಸವದ ಚಪ್ಪರಕ್ಕೆ, ಪ್ರವೇಶದ್ವಾರದ ಕಮಾನಿಗೆ, ಜಾಹೀರಾತು ಫಲಕಗಳಿಗೆ ಹಣವಿರುವ ಸಂಸ್ಥೆಗಳಿಂದ ಈ ಪ್ರಶ್ನೆ ಬರಬಾರದು. ಅಷ್ಟಕ್ಕೂ ಇದಕ್ಕೆ ಬೇಕಾದುದು ದುಬಾರಿ ವೈದ್ಯರಲ್ಲ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಕರ್ನಾಟಕದಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ತರಬೇತಿ ಕೊಡಬಲ್ಲ ನಿಮ್ಹಾನ್ಸ್ ನಮ್ಮಲ್ಲೇ ಇದೆ. ಎಂಬತ್ತರ ದಶಕದಲ್ಲಿ ಇದೇ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಅಸ್ವಸ್ಥರನ್ನು ಗುರುತಿಸುವ, ಚಿಕಿತ್ಸೆ ಬಿಡದಂತೆ ಹಿಂಬಾಲಿಸುವ ಕೆಲಸವನ್ನು ಅವರಿಗೆ ವಹಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಬಳ್ಳಾರಿಯ ಹಳ್ಳಿಗಳಲ್ಲಿ ಅಂದು ಸಾಧ್ಯವಾದುದು ಬೆಂಗಳೂರಿನ ಕ್ಯಾಂಪಸ್ಸಿನಲ್ಲಿ ಇಂದು ಅಸಾಧ್ಯವೇ?

‘ನಾವೆಲ್ಲ ಬೀದಿದೀಪದ ಕೆಳಗೆ ಓದಿದವರು, ಈಗಿನ ಮಕ್ಕಳು ದುರ್ಬಲರು’ ಎಂಬುದು ಎರಡನೆಯದು. ಬೀದಿದೀಪದ ಕೆಳಗೆ ಓದಿ ಮೇಲೇರಿದವರ ಹೆಸರು ನಮಗೆ ಗೊತ್ತಿದೆ. ಅದೇ ದೀಪದ ಕೆಳಗೆ ಕುಸಿದುಹೋದವರ ಹೆಸರನ್ನು ಬರೆದಿಟ್ಟವರು ಯಾರು? ಗೆದ್ದವರು ಹೇಳುವ ಕಥೆಯಿಂದ ಸೋತವರಿಗೆ ನ್ಯಾಯ ಸಿಗದು.

‘ವಿದ್ಯಾರ್ಥಿಯ ಖಾಸಗಿತನದ ಗತಿಯೇನು?’ ಎಂಬುದು ಮೂರನೆಯದು. ಇದು ಮಾತ್ರ ತೂಕವಿರುವ ಪ್ರಶ್ನೆ. ಎಲ್ಲರಿಗೂ ಎಲ್ಲವೂ ಗೊತ್ತಾಗುವ ವ್ಯವಸ್ಥೆ ಆರೈಕೆಯಲ್ಲ, ಬೇಹುಗಾರಿಕೆ. ವಿದ್ಯಾರ್ಥಿಯ ಸಮ್ಮತಿಯಿಲ್ಲದೆ ಅವನ ಕಾಯಿಲೆಯ ವಿವರ ಉಪನ್ಯಾಸಕರಿಗಾಗಲಿ, ಮನೆಯವರಿಗಾಗಲಿ ಹೋಗಕೂಡದು. ಜೀವಕ್ಕೆ ತಕ್ಷಣದ ಅಪಾಯವಿದ್ದರೆ ಮಾತ್ರ ಅದಕ್ಕೆ ವಿನಾಯಿತಿ. ವಾರ್ಡನ್‌ಗೆ ತಿಳಿಯಬೇಕಾದುದು ‘ಇವನಿಗೆ ಈ ತಿಂಗಳು ಬಾಕಿಯ ಒತ್ತಡ ಹಾಕಬೇಡಿ’ ಎಂಬಷ್ಟೇ ಹೊರತು ಅವನು ನುಂಗುವ ಮಾತ್ರೆಯ ಹೆಸರಲ್ಲ. ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಎಚ್ಚರ ಇಮ್ಮಡಿಯಾಗಬೇಕು. ಕಾಲೇಜಿನಿಂದ ಹೊರಟ ಒಂದು ಮಾತು ಅವರ ಓದನ್ನೇ ನಿಲ್ಲಿಸಿ ಮದುವೆಗೆ ದೂಡುವ ಮನೆಗಳು ನಮ್ಮ ನಡುವೆ ಕಡಿಮೆಯೇನಿಲ್ಲ.

ಸರಕಾರ ಮತ್ತು ಸಮಾಜ

ಸರಕಾರವೂ ಇಲ್ಲಿ ಆರೋಪಿಯೇ. ಅಲ್ಪಸಂಖ್ಯಾತ ಸಂಶೋಧಕರಿಗೆ 2009ರಿಂದ ಸಿಗುತ್ತಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ಅದಾಗಲೇ ಫೆಲೋಶಿಪ್ ಪಡೆಯುತ್ತಿದ್ದವರು ಕೂಡಾ 2025ರಲ್ಲಿ ತಿಂಗಳುಗಟ್ಟಲೆ ಹಣ ಬಾರದೆ ಬೀದಿಗಿಳಿದರು. ಬಾಡಿಗೆ ಕಟ್ಟಲಾಗದ ಸಂಶೋಧಕನಿಗೆ ‘ಒತ್ತಡ ನಿರ್ವಹಣೆ’ಯ ಕಾರ್ಯಾಗಾರ ನಡೆಸುವುದು ಎಂತಹ ಕ್ರೂರ ತಮಾಷೆ! 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ನ್ಯಾಯಮೂರ್ತಿ ರವೀಂದ್ರ ಭಟ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಕಾರ್ಯಪಡೆಯೊಂದನ್ನು ರಚಿಸಿತು. 2026ರ ಜನವರಿಯಲ್ಲಿ ಅದೇ ಪ್ರಕರಣದಲ್ಲಿ, ವಿದ್ಯಾರ್ಥಿವೇತನ ತಡವಾಯಿತೆಂಬ ಕಾರಣಕ್ಕೆ ಯಾರನ್ನೂ ಪರೀಕ್ಷೆಯಿಂದಾಗಲಿ ಹಾಸ್ಟೆಲಿನಿಂದಾಗಲಿ ಹೊರಗಿಡಬಾರದು, ಖಾಲಿ ಹುದ್ದೆಗಳನ್ನು ತುಂಬಬೇಕು ಎಂದು ನಿರ್ದೇಶಿಸಿತು. ಅಂದರೆ ಹಣದ ವಿಳಂಬವೂ ಜೀವದ ಪ್ರಶ್ನೆಯೇ ಎಂಬುದನ್ನು ನ್ಯಾಯಾಲಯ ಕಂಡುಕೊಂಡಿದೆ. ಆಡಳಿತಗಾರರು ಕಂಡುಕೊಳ್ಳುವುದು ಯಾವಾಗ?

ಇನ್ನು ನಮ್ಮ ಸಮಾಜದ ಕಡೆಗೂ ಬೆರಳು ತಿರುಗಬೇಕು. ಪ್ರತಿ ವರ್ಷ ಮೇ-ಜೂನ್ ಬಂತೆಂದರೆ ಊರೂರಲ್ಲಿ ಪ್ರತಿಭಾ ಪುರಸ್ಕಾರ. ಶೇ. 95 ಪಡೆದವರಿಗೆ ಶಾಲು, ಫಲಕ, ಛಾಯಾಚಿತ್ರ. ಒಳ್ಳೆಯದೇ. ಆದರೆ ಅದೇ ಮಕ್ಕಳು ದೂರದ ನಗರದ ಹಾಸ್ಟೆಲಿನಲ್ಲಿ ಮೊದಲ ಬಾರಿಗೆ ಅನುತ್ತೀರ್ಣರಾದಾಗ ಒಂದು ಫೋನು ಕರೆ ಮಾಡಿದ ಸಂಘಟನೆ ಯಾವುದು? ಸೀಟು ಕೊಡಿಸುವವರೆಗೆ ಜೊತೆಗಿದ್ದು, ಸೀಟು ಸಿಕ್ಕಿದ ಮೇಲೆ ಕೈಬಿಡುವುದು ಅರ್ಧ ಸೇವೆ. ಜಮಾಅತ್‌ಗಳು, ವಿದ್ಯಾರ್ಥಿ ಸಂಘಟನೆಗಳು, ಹಳೆವಿದ್ಯಾರ್ಥಿ ಸಂಘಗಳು ತಮ್ಮೂರಿನಿಂದ ಹೊರಗೆ ಓದುತ್ತಿರುವ ಮಕ್ಕಳ ಪಟ್ಟಿಯೊಂದನ್ನು ಇಟ್ಟುಕೊಂಡು ತಿಂಗಳಿಗೊಮ್ಮೆ ವಿಚಾರಿಸಿದರೆ ಅದಕ್ಕೆ ಯಾವ ಸರಕಾರದ ಅನುಮತಿಯೂ ಬೇಕಾಗಿಲ್ಲ. ಹೆತ್ತವರೂ ಅಷ್ಟೇ. ‘ಎಷ್ಟು ಅಂಕ ಬಂತು’ ಎಂದು ಕೇಳುವ ಮೊದಲು ‘ಊಟ ಮಾಡಿದೆಯಾ, ನಿದ್ದೆ ಬರುತ್ತಾ’ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಲಿ. ಚಿಕಿತ್ಸೆ ಪಡೆಯುವುದನ್ನು ಕುಟುಂಬದ ಮಾನಕ್ಕೆ ತಗುಲಿದ ಕಳಂಕವೆಂದು ಬಚ್ಚಿಡುವ ಮನೋಭಾವ ತೊಲಗಲಿ.

ನಮ್ಮ ಬೇಡಿಕೆ ಸರಳ. ಪ್ರತಿ ವಿಶ್ವವಿದ್ಯಾನಿಲಯ ಮತ್ತು ಕಾಲೇಜು ಸಂಕಷ್ಟದಲ್ಲಿರುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಹೆಸರು ಹೇಳಿ ಗುರುತಿಸಬಹುದಾದ ಒಬ್ಬ ಹೊಣೆಗಾರನನ್ನು ಕೊಡಲಿ. ಸತತ ಗೈರುಹಾಜರಿ, ಶುಲ್ಕ ಬಾಕಿ, ಅನುತ್ತೀರ್ಣತೆ ಇವು ದಂಡದ ನೋಟೀಸಿಗೆ ಕಾರಣವಾಗುವ ಮೊದಲು ವಿಚಾರಣೆಗೆ ಕಾರಣವಾಗಲಿ. ಅಮಾನತು, ಹಾಸ್ಟೆಲಿನಿಂದ ಉಚ್ಚಾಟನೆಯಂತಹ ಕ್ರಮಗಳಿಗೆ ಮುನ್ನ ಆ ಹೊಣೆಗಾರನ ಅಭಿಪ್ರಾಯ ಕಡ್ಡಾಯವಾಗಲಿ. ಆಸ್ಪತ್ರೆಯಿಂದ ಮರಳಿದವರು ಮತ್ತೆ ತರಗತಿ ಸೇರಲು ಸ್ಪಷ್ಟ ದಾರಿಯಿರಲಿ. ಅದುವರೆಗೆ, ಸಂಕಟದಲ್ಲಿರುವ ಯಾವ ವಿದ್ಯಾರ್ಥಿಯೂ ತಾನು ಒಂಟಿಯೆಂದು ಭಾವಿಸದಿರಲಿ. 2022ರಿಂದ ನಡೆಯುತ್ತಿರುವ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಒಬ್ಬ ವಿದ್ಯಾರ್ಥಿ ಸತ್ತಾಗ ಸಂಸ್ಥೆಯ ಪ್ರತಿಯೊಂದು ವಿಭಾಗವೂ ‘ಅದು ನಮ್ಮ ಹೊಣೆಯಾಗಿರಲಿಲ್ಲ’ ಎಂದು ದಾಖಲೆ ಸಹಿತ ಸಾಬೀತುಪಡಿಸುತ್ತದೆ. ಅವೆಲ್ಲವೂ ನಿಜವನ್ನೇ ಹೇಳುತ್ತಿವೆ. ಅವನು ಯಾರ ಹೊಣೆಯೂ ಆಗಿರಲಿಲ್ಲ. ಅಪರಾಧವಿರುವುದು ಅಲ್ಲಿಯೇ.